ಅಡುಗೆಮನೆ ಬಾಗಿಲಿನ ಸ್ನೇಹಲತಕ್ಕ

"ಸ್ನೇಹಲತಕ್ಕನಿಗೆ ಎದುರು ಬಾಗಿಲು ಎಂತಕ್ಕೆ ಮಾರಾಯ್ತಿ? ಸೀದಾ ಅಡುಗೆಮನೆಗೇ ಬರ್ತಾಳೆ" ಎಂದು ಮಣ್ಣಗುಡ್ಡದ ನೆರೆಯವರು ನಗುತ್ತಿದ್ದರು.

ಸುಳ್ಳಲ್ಲ. ಪಕ್ಕದ ಮನೆಯ ನರ್ಸ್ ರೊಸಾಲಿನ್‌ ಬಾಯಿ ಆಸ್ಪತ್ರೆಗೆ ಹೋದರೆ, ಮಗ ರೂಬನ್‌ನಿಗೆ ಗಂಜಿ ಉಣಿಸಿ ಬೆಳೆಸಿದ್ದು ಇದೇ ಅಕ್ಕ.

ಆ ಅಡುಗೆಮನೆಗಳ ದಾರಿ ಪಕ್ಷದವರಿಗೂ ಕಂಡಿತು. ಗಂಡಸರು ಗೇಟಿನಾಚೆ ಕರಪತ್ರ ಹಿಡಿದು ನಿಲ್ಲುವಲ್ಲಿ ಅವಳು ಒಲೆಯ ಪಕ್ಕ ಕೂತು ಮಾತಾಡಬಲ್ಲಳಲ್ಲ! ಮಹಿಳಾ ಘಟಕದ ಅಧ್ಯಕ್ಷೆಯಾದಳು. ಕೇಸರಿ ಶಾಲು ಹೊದ್ದು ಮೆರವಣಿಗೆಯ ಮುಂದೆ ನಡೆದಾಗ ಬೆನ್ನು ತಾನಾಗಿ ನೆಟ್ಟಗಾಯಿತು. ಗಂಡ ಮೋಹನದಾಸ ಶೆಟ್ಟರೂ ಅವಳನ್ನು ಕೇಳಿಯೇ ಕಾರು ತೆಗೆಯುವ ಹಾಗಾಯಿತು.

ಯಾವುದೋ ಹುಡುಗಿ ಬೇರೆ ಧರ್ಮದ ಹುಡುಗನ ಬೈಕಿನಲ್ಲಿ ಕಂಡಳೆಂದು ಫೋನು ಬಂದರೆ, ತಾಯಿಗೆ ಹೇಳಲು ಹೊರಡುವವಳು ಅವಳೇ. "ಗಲಾಟೆಗೆ ನಾನಿಲ್ಲ. ಬುದ್ಧಿ ಹೇಳ್ತೇನೆ, ಅಷ್ಟೇ" ಎನ್ನುತ್ತಿದ್ದಳು.

ಒಮ್ಮೆ ಬಿಜೈಯ ಉಮಾವತಿಯ ಮಗಳು ಅಶ್ಮಿತಾಳ ವಿಷಯ ಬಂತು. ಹುಡುಗ ಯಾರೆಂದರೆ, ರೂಬನ್. ಅಕ್ಕ ಒಂದು ಗಳಿಗೆ ತಡೆದಳು, ಆಮೇಲೆ ಉಮಾವತಿಯ ಮನೆಗೆ ಹೋದಳು. ವಾರದೊಳಗೆ ಹುಡುಗಿಯನ್ನು ಮುಂಬಯಿಯ ಚಿಕ್ಕಮ್ಮನ ಮನೆಗೆ ಸಾಗಿಸಿದರು.

ಮರುದಿನ ಕೆಸುವಿನೆಲೆಯ ಪತ್ರೊಡೆ ಹಿಡಿದು ಹಿತ್ತಿಲಿಗೆ ಹೋದರೆ ರೊಸಾಲಿನ್ ಬಾಯಿಯ ಅಡುಗೆಮನೆಗೆ ಚಿಲಕ.

"ಎದುರಿನಿಂದ ಬನ್ನಿ" ಎಂದು ಒಳಗಿನಿಂದ ದನಿ ಬಂತು.

ಸೋಫಾದಲ್ಲಿ ಕೂರಿಸಿ, ಗಾಜಿನ ಲೋಟದಲ್ಲಿ ಶರಬತ್ತು ತಂದಿಟ್ಟಳು ರೊಸಾಲಿನ್.

"ಕೋಪ ಉಂಟಾ ಬಾಯಿ?"

"ಎಂತ ಕೋಪ? ಪಕ್ಷದ ದೊಡ್ಡವರನ್ನು ಅಡುಗೆಮನೆಗೆ ಕರೆಯುವುದು ಮರ್ಯಾದೆಯಾ?" ರೊಸಾಲಿನ್‌ಳ ದನಿ ಇಳಿಯಿತು. "ಗಂಜಿ ಉಣಿಸಿದ ಕೈ. ಬುದ್ಧಿಯನ್ನೂ ಅವನಿಗೇ ಹೇಳಬಹುದಿತ್ತಲ್ಲ."

ಅಕ್ಕ ಪತ್ರೊಡೆಯನ್ನು ಶರಬತ್ತಿನ ಲೋಟದ ಪಕ್ಕ ಇಟ್ಟು, ಎದುರು ಬಾಗಿಲಿನಿಂದಲೇ ಇಳಿದು ಹೋದಳು.

ಅಂದಿನಿಂದ ಬೀದಿಯಲ್ಲಿ ಅವಳಿಗೆ ಎಲ್ಲಿಲ್ಲದ ಗೌರವ. ಹೆಣ್ಣುಮಕ್ಕಳಿದ್ದ ಮನೆಗಳಲ್ಲಂತೂ "ಬನ್ನಿ ಅಧ್ಯಕ್ಷರೇ" ಎಂದು ಎದುರು ಕೋಣೆಯಲ್ಲೇ ಕೂರಿಸಿ ಕಳಿಸುತ್ತಿದ್ದರು. ಅವಳಿಗೆಂದಿದ್ದ ಚುನಾವಣೆಯ ಟಿಕೆಟು ಯಾವುದೋ ಮುಖಂಡನ ಸೊಸೆಗೆ ಹೋಯಿತು. ಅದು ಅವಳಿಗೆ ಅಷ್ಟು ನೋಯಲಿಲ್ಲ.

ಮೊನ್ನೆ ಮಣ್ಣಗುಡ್ಡದ ಮನೆಯನ್ನು ಫ್ಲ್ಯಾಟ್ ಕಟ್ಟುವವರಿಗೆ ಬಿಟ್ಟುಕೊಟ್ಟು ಗಂಡ ಹೆಂಡತಿ ಕಾವೂರಿಗೆ ಹೊರಟರು. ಸಾಮಾನಿನ ಲಾರಿ ಮುಂದೆ ಹೋಗಿತ್ತು. ಶೆಟ್ಟರು ಕಾರಿನಲ್ಲಿ ಹಾರ್ನ್ ಒತ್ತುತ್ತಿದ್ದರು.

ಅಕ್ಕ ತನ್ನ ಅಡುಗೆಮನೆಯಿಂದಲೇ ಹೊರಬಿದ್ದು, ಹಿತ್ತಿಲು ದಾಟಿ, ಬಾಯಿಯ ಹಿಂಬಾಗಿಲಿನೆದುರು ನಿಂತಳು. ಒಳಗೆ ಮೀನು ಹುರಿಯುವ ಸದ್ದು. ಕೈ ಎತ್ತಿದಳು. ಆ ಬಾಗಿಲನ್ನು ಅವಳು ಯಾವತ್ತೂ ತಟ್ಟಿದವಳೇ ಅಲ್ಲ, ದೂಡಿ ಅಭ್ಯಾಸ.

ಕೈ ಇಳಿಸಿ, ಸೆರಗು ಸರಿಮಾಡಿಕೊಂಡು, ಮನೆಯನ್ನು ಸುತ್ತಿ ಎದುರಿಗೆ ಬಂದು ಬೆಲ್ ಒತ್ತಿದಳು.