ಅರ್ಜಿಯೊಳಗಿನ ಪೂರ್ವಪಕ್ಷ

ನೈರೋಬಿಯಲ್ಲಿ ನನ್ನ ಕೆಲಸದ ಪರವಾನಗಿ ಇನ್ನು ಐದು ವಾರಗಳಲ್ಲಿ ಮುಗಿಯುವುದಿತ್ತು. ಹೊಸ ಅರ್ಜಿಗೆ ಬಂದ ಉತ್ತರವನ್ನು ಹಿಡಿದುಕೊಂಡು ನಾನು ನ್ಗಾರಾ ಬಡಾವಣೆಯಲ್ಲಿರುವ ನಮ್ಮ ಮನೆಯೊಡತಿಯ ಊಟದ ಮೇಜಿನ ಮುಂದೆ ಕುಳಿತಿದ್ದೆ. ಅವರು ಮಂಗಳೂರಿನ ಕಡೆಯವರು. ಇಲ್ಲಿಯ ಕಾಲೇಜೊಂದರಲ್ಲಿ ಬಹುಕಾಲ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ನನಗೆ ಆಂಟಿ. ಕನ್ನಡಕ ಏರಿಸಿ ಪತ್ರ ಓದುತ್ತಾ ಓದುತ್ತಾ ಅವರ ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾರೆಂದು ಗಾಬರಿಯಾದೆ. ಅವರು ನಗುತ್ತಿದ್ದರು.

“ಎಂತ ಮಾರಾಯ್ತಿ, ಇವರು ಬರೆದದ್ದೆಲ್ಲ ನಿನ್ನದೇ ಮಾತಲ್ವಾ?”

ಹೌದು, ನನ್ನದೇ.

ನಾನು ಮೈಸೂರಿನಲ್ಲಿ ಓದಿದ ಮೆಕ್ಯಾನಿಕಲ್ ಎಂಜಿನಿಯರ್. ಇಲ್ಲಿ ಒಂದು ಸಣ್ಣ ಸಂಸ್ಥೆಗಾಗಿ ಶಾಲೆಗಳ ಅಡುಗೆಮನೆಗಳಿಗೆ ಹೊಗೆ ಕಾರದ, ಸೌದೆ ಉಳಿಸುವ ಒಲೆಗಳನ್ನು ರೂಪಿಸುತ್ತೇನೆ. ಅವುಗಳನ್ನು ಬಳಸುವ ಬಗೆಯನ್ನು ಅಡುಗೆಯವರಿಗೆ ಕಲಿಸುತ್ತೇನೆ. ವಾರದ ಅರ್ಧ ನಕ್ಷೆ, ಇನ್ನರ್ಧ ಪಾಠ. ಅರ್ಜಿಯಲ್ಲಿ ವೃತ್ತಿಯ ಹೆಸರಿಗೆ ಇದ್ದದ್ದು ಒಂದೇ ಅಂಕಣ. ಎಂಜಿನಿಯರ್ ಎಂದು ಬರೆದರೆ ಎಂಜಿನಿಯರರ ಮಂಡಳಿಯ ಪತ್ರ ಬೇಕು. ಶಿಕ್ಷಕಿ ಎಂದರೆ ಶಿಕ್ಷಕರ ಮಂಡಳಿಯದು. ಮೊದಲನೆಯದು ನನ್ನಲ್ಲಿತ್ತು, ಎರಡನೆಯದು ಸಿಗುವಂತಿರಲಿಲ್ಲ. ಒಂದು ಪದ ಬರೆದು ಸುಮ್ಮನಿದ್ದಿದ್ದರೆ ಸಾಕಾಗುತ್ತಿತ್ತು.

ಆದರೆ ನಾನು ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದವಳು. ಎದುರಾಳಿಯ ವಾದವನ್ನು ಅವನಿಗಿಂತ ಸೊಗಸಾಗಿ ಮಂಡಿಸಿ ಆಮೇಲೆ ಖಂಡಿಸಬೇಕೆಂಬುದು ನಮಗೆ ಕಲಿಸಿದ ಶಿಸ್ತು: ಮೊದಲು ಪೂರ್ವಪಕ್ಷ, ಬಳಿಕ ಸಿದ್ಧಾಂತ. ಅದರಂತೆ ಹನ್ನೊಂದು ಪುಟಗಳ ವಿವರಣೆಯನ್ನು ಅರ್ಜಿಗೆ ಲಗತ್ತಿಸಿದ್ದೆ. “ಇದು ಒಂದು ಹುದ್ದೆಯಲ್ಲ, ಎರಡು ಹುದ್ದೆಗಳ ಬೆಸುಗೆ, ಎರಡನೆಯದಕ್ಕೆ ಅರ್ಜಿದಾರಳಿಗೆ ಅರ್ಹತೆಯೇ ಇಲ್ಲವೆಂದು ಆಕ್ಷೇಪಿಸಬಹುದು” ಎಂದು ಎರಡನೆಯ ಪುಟದಲ್ಲೇ ಸಾರಿದ್ದೆ. ಅದರ ಖಂಡನೆ ಒಂಬತ್ತನೆಯ ಪುಟದಲ್ಲಿತ್ತು. ಕಚೇರಿಯವರು ಅಷ್ಟು ದೂರ ಬರಲಿಲ್ಲ. ನನ್ನ ಆಕ್ಷೇಪವನ್ನೇ ಎತ್ತಿ ಬರೆದು, ಖುದ್ದಾಗಿ ಬಂದು ಸಮಜಾಯಿಷಿ ಕೊಡಬೇಕೆಂದು ಕೇಳಿದ್ದರು.

“ಕಲ್ಲನ್ನು ನೀನೇ ಹೆಕ್ಕಿ ಕೊಟ್ಟು, ಹೊಡೀರಿ ಅಂತ ತಲೆ ಬಗ್ಗಿಸಿದ್ದೀ,” ಎಂದರು ಆಂಟಿ.

“ತಪ್ಪು ಆ ಫಾರ್ಮಿಂದು, ಆಂಟಿ. ಎರಡು ಥರ ಕೆಲಸ ಮಾಡೋರಿಗೆ ಎರಡು ಅಂಕಣ ಇರ್ಬೇಕು. ನಾಳೆ ಅದನ್ನೇ ಅವ್ರ ಮುಂದೆ...”

“ಫಾರ್ಮು ಆಮೇಲೆ ತಿದ್ದು. ಮೊದಲು ಇಲ್ಲಿ ಇರ್ಲಿಕ್ಕೆ ನೋಡು. ನಿನ್ನ ಒಟ್ಟಿಗೆ ಕೆಲಸ ಕಲಿಯುವವಳು ಇದ್ದಾಳಲ್ಲ, ಅವಳನ್ನು ಕರ್ಕೊಂಡು ಹೋಗು. ಅವಳು ಮಾತಾಡ್ಲಿ.”

ಇಲ್ಲಿ ಹೊರದೇಶದವರನ್ನು ನೇಮಿಸಿಕೊಂಡರೆ, ಅವರ ಕೆಲಸ ಕಲಿತು ಮುಂದೆ ವಹಿಸಿಕೊಳ್ಳುವ ಸ್ಥಳೀಯರೊಬ್ಬರನ್ನು ಜೊತೆಗಿಡಬೇಕು. ನನ್ನ ಜೊತೆಗಿದ್ದವಳು ತಾಂತ್ರಿಕ ಕಾಲೇಜಿನಲ್ಲಿ ಬೆಸುಗೆಯ ಕೆಲಸ ಕಲಿತು ಬಂದವಳು, ವಯಸ್ಸಿನಲ್ಲಿ ನನ್ನ ಓರಗೆಯವಳು, ಮಾತಿನಲ್ಲಿ ಮಿತವ್ಯಯಿ. ಕೇಳಿದ ಕೂಡಲೇ “ಸವಾ” ಎಂದಳು. ಆಗಲಿ ಎಂಬುದಕ್ಕೆ ಅಷ್ಟು ಸಾಕು.

ಮರುದಿನ ಹೊರಡುವಾಗ ಆಂಟಿ ನನ್ನ ಅಂಗೈಯಲ್ಲಿ ಒಂದು ಶುಂಠಿ ಪೆಪ್ಪರಮಿಂಟು ಇಟ್ಟರು. “ಒಳಗೆ ಹೋದ ಕೂಡ್ಲೆ ಬಾಯಿಗೆ ಹಾಕು. ಕರಗುವ ತನಕ ಒಂದು ಶಬ್ದ ಮಾತಾಡ್ಲಿಕ್ಕಿಲ್ಲ.”

ಮಟಾಟು ಎಂಬ ಬಾಡಿಗೆ ಮಿನಿಬಸ್ಸಿನಿಂದ ಇಳಿದು ಕಚೇರಿ ಮುಟ್ಟುವವರೆಗೂ ನನಗೆ ಕೆಲಸದ್ದೇ ಚಿಂತೆ. ಮೂರನೆಯ ಶಾಲೆಯ ಒಲೆಗೆ ಇಟ್ಟಿಗೆ ಏರಿತ್ತು, ಚಿಮಣಿ ಏರಿರಲಿಲ್ಲ. ಪರವಾನಗಿ ತಪ್ಪಿದರೆ ಅದನ್ನು ಅರ್ಧಕ್ಕೇ ಬಿಟ್ಟು ನಾನು ವಿಮಾನ ಹತ್ತಬೇಕಿತ್ತು.

ಅಧಿಕಾರಿ ನಡುವಯಸ್ಸಿನ ಮಹಿಳೆ. ನನ್ನ ಹನ್ನೊಂದು ಪುಟಗಳು ಅವರ ಮೇಜಿನ ಮೇಲಿದ್ದವು. ನಾನು ಪೆಪ್ಪರಮಿಂಟನ್ನು ಬಾಯಿಗೆ ಹಾಕಿಕೊಂಡೆ. ಅವರು ನನ್ನನ್ನು ಒಮ್ಮೆ ನೋಡಿ, ಪಕ್ಕದವಳತ್ತ ತಿರುಗಿದರು.

“ಈ ಕೆಲಸ ಕಲೀತಿರೋರು ನೀವಾ? ಹಾಗಾದ್ರೆ ನೀವೇ ಹೇಳಿ. ಇವರು ಎಂಜಿನಿಯರೋ, ಟೀಚರೋ?”

“ಇವರ ಮೊದಲ ಒಲೆ ಎತ್ತರವಾಗಿತ್ತು, ಮೇಡಂ,” ಎಂದಳು ಅವಳು. ಪ್ರಶ್ನೆಗೆ ಸಂಬಂಧವೇ ಇಲ್ಲದ ಉತ್ತರ! ನನ್ನ ನಾಲಿಗೆ ತುರಿಸಿತು. “ಉಗಾಲಿ ತಿರುವೋಕೆ ಅಡುಗೆಯವರು ಕಲ್ಲಿನ ಮೇಲೆ ಹತ್ತಿ ನಿಲ್ತಿದ್ರು. ಪಾಠ ಮಾಡೋಕೆ ಹೋದಾಗ್ಲೇ ಇವರಿಗೆ ಅದು ಕಂಡಿದ್ದು. ಬಂದು ನಕ್ಷೇಲಿ ಒಂದು ಗೇಣು ಇಳಿಸಿದ್ರು. ಇವರು ಅದನ್ನ ಪಾಠ ಅಂತಾರೆ. ನನ್ನ ಪ್ರಕಾರ ಅದು ಒಲೆಯ ಪರೀಕ್ಷೆ.”

ಅದು ನಿಜ. ಉಗಾಲಿ ಎಂದರೆ ಮೆಕ್ಕೆಜೋಳದ ಬಿಳಿಯ ಮುದ್ದೆ. ನಾನು ಮುದ್ದೆ ತಿಂದು ಬೆಳೆದವಳು, ತೊಳಸಿ ಬೆಳೆದವಳಲ್ಲ. ಮುನ್ನೂರು ಮಕ್ಕಳ ಮುದ್ದೆ ತಿರುವುವ ತೋಳು ಎಷ್ಟು ಎತ್ತರದಲ್ಲಿ ಓಡಾಡುತ್ತದೆಂಬುದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ.

ಅಧಿಕಾರಿ ಲೇಖನಿ ಕೆಳಗಿಟ್ಟರು. “ಅಡುಗೆಯವರು ಇವರನ್ನ ಏನಂತ ಕರೀತಾರೆ?”

“ಫುಂಡಿ ಅಂತ.” ಕಟ್ಟುವ, ರಿಪೇರಿ ಮಾಡುವ ಕುಶಲಕರ್ಮಿಗೆ ಇಲ್ಲಿಯ ಹೆಸರು ಅದು. ಅವಳು ಮುಂದುವರಿಸಿದಳು: “ಮಾತು ಜಾಸ್ತಿ ಆದಾಗ ಮಾತ್ರ ಮ್ವಾಲಿಮು ಅಂತಾರೆ.” ಅಂದರೆ ಮೇಷ್ಟ್ರು.

“ಜಾಸ್ತಿ ಆಗೋದು ಯಾವಾಗ?”

“ದಿನಾ, ಮೇಡಂ.”

ಅಧಿಕಾರಿ ಕುರ್ಚಿಗೆ ಒರಗಿ ನಕ್ಕರು. ನಗು ತಡೆಯಲಾರದೆ ನನಗೆ ಪೆಪ್ಪರಮಿಂಟು ಗಂಟಲಿಗೆ ಸಿಕ್ಕಿತು. ಅವರೇ ಎದ್ದು ನೀರು ಕೊಟ್ಟರು. ನಾನು ಕೆಮ್ಮುತ್ತಿರುವಾಗಲೇ ತೀರ್ಪು ಹೊರಬಿತ್ತು.

“ಹೊಸದಾಗಿ ಬರ್ಕೊಂಡು ಬನ್ನಿ. ಒಂದೇ ಪುಟ. ವೃತ್ತಿ: ಎಂಜಿನಿಯರ್. ಕಲಿಸೋದು ಆ ಕೆಲಸದೊಳಗಿನ ಒಂದು ಭಾಗ ಅಂತ ಒಂದು ವಾಕ್ಯ, ಅದಕ್ಕೆ ಸಾಕ್ಷಿಯಾಗಿ ಈ ಒಂದು ಗೇಣಿನ ಕಥೆ. ಆಮೇಲೆ, ಆಕ್ಷೇಪ ಎತ್ತೋದು ನಮ್ಮ ಕೆಲಸ. ಅದನ್ನ ನಮಗೇ ಬಿಡಿ.”

ಹೊರಗಿನ ಮೆಟ್ಟಿಲ ಮೇಲೆ ಕುಳಿತು ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗುವಿನ ನಡುವೆಯೇ ನನಗೆ ಅರಿವಾದದ್ದು ಇಷ್ಟು: ನನ್ನ ಸಿದ್ಧಾಂತಕ್ಕಿಂತ ಮೊದಲೇ ನನ್ನ ಪೂರ್ವಪಕ್ಷ ತಪ್ಪಾಗಿತ್ತು. ನನಗೆ ಎರಡು ಕೆಲಸಗಳಿರಲಿಲ್ಲ. ಒಲೆ ಮಾಡುವುದೊಂದೇ ಕೆಲಸ. ಅದು ಮುಗಿಯುವುದು ಅಡುಗೆಯವರ ಕೈಯಲ್ಲಿ.

ಪರವಾನಗಿ ಮೂರು ವಾರಗಳೊಳಗೆ ಬಂತು. ಆಂಟಿ ಕೇಳಿದ್ದು ಒಂದೇ ಪ್ರಶ್ನೆ: “ಪೆಪ್ಪರಮಿಂಟು ಕರಗಿತ್ತಾ?” ಮೂರನೆಯ ಶಾಲೆಯಲ್ಲಿ ಚಿಮಣಿಯಿಂದ ಮೊದಲ ತೆಳು ಹೊಗೆ ಆಕಾಶಕ್ಕೆ ಏರಿದಾಗ ಅಡುಗೆಮನೆಯೊಳಗೆ ಯಾರೂ ಕೆಮ್ಮಲಿಲ್ಲ. ಹಿರಿಯ ಅಡುಗೆಯಾಕೆ ತಮ್ಮ ಉದ್ದನೆಯ ಮರದ ಸಟ್ಟುಗವನ್ನು ನನ್ನ ಕೈಗಿತ್ತರು. ನಾನು ನಾಲ್ಕು ಸುತ್ತು ತಿರುವಿ ಸೋತೆ. ಉಳಿದದ್ದನ್ನು ನನ್ನ ಜೊತೆಗಾತಿ ತಿರುವಿದಳು. ಹೊಸ ಪರವಾನಗಿಯ ಎರಡು ವರ್ಷಗಳಲ್ಲಿ ನನ್ನ ಸ್ಥಾನಕ್ಕೆ ಬರಬೇಕಾದವಳು ಆಗಲೇ ಅಲ್ಲಿ ನಿಂತಿದ್ದಾಳೆಂದು ನನಗೆ ತೋರಿತು. ಹೊಟ್ಟೆಕಿಚ್ಚಾಗಲಿಲ್ಲ, ಬಹಳ ಸಂತೋಷವಾಯಿತು.

ಸುಧಾರಣೆಯ ಹುಚ್ಚನ್ನು ಮಾತ್ರ ನಾನು ಬಿಟ್ಟಿರಲಿಲ್ಲ. ಎರಡು ಅಂಕಣ ಬೇಕೆಂಬ ಸಲಹಾಪತ್ರವನ್ನು ಅವಳಿಗೆ ತೋರಿಸಿದೆ.

“ಎರಡು ಯಾಕೆ?” ಎಂದಳು. “ಇರೋದನ್ನೇ ಒಂದು ಗೇಣು ಉದ್ದ ಮಾಡಿದ್ರೆ ಸಾಕಲ್ವಾ?”

ಸಾಕು. ಹಾಗೆಂದೇ ಅರ್ಧ ಪುಟ ಬರೆದು, ಇಬ್ಬರೂ ಸಹಿ ಮಾಡಿ, ಆ ಕಚೇರಿಯ ಬಾಗಿಲಲ್ಲಿದ್ದ ಸಲಹೆಗಳ ಪೆಟ್ಟಿಗೆಗೆ ಹಾಕಿ ಬಂದೆವು. ಅದರಲ್ಲಿ ಪೂರ್ವಪಕ್ಷ ಇರಲಿಲ್ಲ.