ಕುದುರೆಯ ಕೆಮ್ಮಿಗೆ ಮದ್ದು

ಕನ್ನಡ ಕೂಟದ ವಾರ್ಷಿಕ ಸಂಚಿಕೆಗೆ ನಾನು ಕೊಟ್ಟ ಲೇಖನ ತಿದ್ದುಪಡಿಯಾಗಿ ವಾಪಸು ಬಂದಾಗ ಅದರಲ್ಲಿ ಕುದುರೆ ಇರಲಿಲ್ಲ. ಯುದ್ಧಗಳು ಎರಡೂ ಇದ್ದವು, ತುರ್ಕರ ಮೇಲಿನದೊಂದು, ಸ್ವೀಡನ್ನರ ಮೇಲಿನದೊಂದು. ತಲೆಬರಹ ‘ಪೋಲೆಂಡಿನ ವೀರ ಕವಿ’ ಎಂದಾಗಿತ್ತು. ನಾನು ಇಟ್ಟದ್ದು ಅದಲ್ಲ.

ಲೇಖನ ಹುಟ್ಟಿದ್ದು ನಾವಿರುವ ಮೆಟುಚೆನ್ ಊರಿನಲ್ಲಿ, ನಮ್ಮ ಪಕ್ಕದ ಮನೆಯ ಪೋಲಿಷ್ ಅಜ್ಜಿಯ ಅಡುಗೆಮನೆಯಲ್ಲಿ. ಅವರು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಚಳಿಗಾಲದಲ್ಲಿ ಪ್ರತಿ ಮಂಗಳವಾರ ಇಬ್ಬರ ಡ್ರೈವ್‌ವೇಯ ಸ್ನೋ ತೆಗೆದಾದ ಮೇಲೆ ನಾನು ಉಪ್ಪಿಟ್ಟಿನ ಡಬ್ಬಿ ಹಿಡಿದು ಹೋಗುತ್ತಿದ್ದೆ. ಅವರು ನಿಂಬೆಹಣ್ಣಿನ ಟೀ ಮಾಡಿ, ಒಂದು ಪುಸ್ತಕ ತೆರೆದು, ಸಾಲುಸಾಲಾಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಮುನ್ನೂರು ವರ್ಷಕ್ಕೂ ಹಿಂದೆ ಅವರ ಕಡೆಯ ಒಬ್ಬ ಸಣ್ಣ ಜಹಗೀರುದಾರ ಬರೆದಿಟ್ಟದ್ದು. ಹರೆಯದಲ್ಲಿ ಕತ್ತಿ ಹಿಡಿದು ಹೋದವನು, ನಡುವಯಸ್ಸಿನಲ್ಲಿ ಕುಂಟುತ್ತ ಮನೆಗೆ ಬಂದು ಪದ್ಯ ಬರೆಯುತ್ತ ಕೂತ. ಬದುಕಿರುವಾಗ ಒಂದೂ ಅಚ್ಚಾಗಲಿಲ್ಲ. ಅಂಥ ಮನೆತನಗಳಲ್ಲಿ ಎಲ್ಲವನ್ನೂ ಬರೆದಿಡುವ ದಪ್ಪ ಪುಸ್ತಕವೊಂದು ಇರುತ್ತಿತ್ತಂತೆ. ಅದಕ್ಕೆ ‘ವಸ್ತುಗಳ ಕಾಡು’ ಎಂದು ಹೆಸರು. ಮಗಳ ಮದುವೆ, ಆಲಿಕಲ್ಲು ಬಿದ್ದದ್ದು, ಸೌತೆಕಾಯಿ ಉಪ್ಪಿಗೆ ಹಾಕುವ ಕ್ರಮ, ಪಾದ್ರಿಯ ಮೇಲೊಂದು ಗೇಲಿಪದ್ಯ, ಎಲ್ಲ ಅದರಲ್ಲೇ.

ಯುದ್ಧದಿಂದ ಅವನನ್ನು ಹೊತ್ತು ತಂದ ಹೆಣ್ಣುಕುದುರೆಗೆ ಕೆಮ್ಮು ಹಿಡಿಯಿತು. ಬೆಳ್ಳುಳ್ಳಿ ಜಜ್ಜಿ ಜೇನಿನಲ್ಲಿ ಕಲಸಿ ಮೂರು ದಿನ ಕೊಟ್ಟೆ, ನಾಲ್ಕನೆಯ ದಿನ ಹುಲ್ಲು ತಿಂದಿತು, ಎಂದು ಬರೆದಿದ್ದಾನೆ. ಅದರ ಕೆಳಗೆ, ನಡುವೆ ಒಂದು ಗೆರೆಯನ್ನೂ ಎಳೆಯದೆ, ಯುದ್ಧದಲ್ಲಿ ಸತ್ತ ತಮ್ಮನ ಮೇಲಿನ ಪದ್ಯ ಶುರುವಾಗುತ್ತದೆ. ನಾನೂ ದಿನಾ ನೋಟುಬುಕ್ಕಿನಲ್ಲಿ ಬರೆಯುವವಳು. ಅತ್ತೆ ತೀರಿಕೊಂಡ ದಿನದ ಪುಟದಲ್ಲಿ ಮನೆ ಬೆಚ್ಚಗಿಡುವ ಫರ್ನೇಸಿನ ಫಿಲ್ಟರ್ ಬದಲಾಯಿಸಿದ್ದೂ ಇದೆ. ಅದನ್ನು ಅಳಿಸಬೇಕೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಸಂಪಾದಕನಿಗೆ ಫೋನ್ ಮಾಡಿದೆ. ಮೈಸೂರಿನವನು, ನನಗಿಂತ ಹದಿನೈದು ವರ್ಷ ಚಿಕ್ಕವನು. ಬೆಳಿಗ್ಗೆ ಪ್ರಿನ್ಸ್‌ಟನ್ನಿಗೆ ಡ್ರೈವ್ ಮಾಡುವಾಗ ಮಾತ್ರ ಸಿಗುತ್ತಾನೆ.

“ಆಂಟಿ, ತಪ್ಪು ತಿಳ್ಕೋಬೇಡಿ. ಇರೋದು ಒಂದೇ ಪೇಜ್. ಕುದುರೆ ಕೆಮ್ಮು ಯಾರಿಗೆ ಬೇಕು?”

“ನನಗೆ ಬೇಕು.”

“ಲೈಫ್ ಸ್ಟೋರಿ ಅಂದ್ಮೇಲೆ ಅಚೀವ್‌ಮೆಂಟ್ಸ್ ಇರ್ಬೇಕಲ್ವಾ? ಇದು ಮನೆಮದ್ದು ಕಾಲಮ್ ಥರ ಆಗೋಗತ್ತೆ.”

“ಜಾಗ ಇಲ್ಲ ಅಂದ್ರೆ ಯುದ್ಧ ತೆಗಿ. ಎರಡನ್ನೂ ತೆಗಿ.”

“ಸೋಲ್ಜರ್ ಬಗ್ಗೆ ಆರ್ಟಿಕಲ್, ಆಂಟಿ. ಯುದ್ಧಾನೇ ಇಲ್ದೆ?”

“ಯುದ್ಧ ಇಂಟರ್‌ನೆಟ್ಟಲ್ಲೂ ಸಿಗತ್ತಪ್ಪ. ಅದನ್ನ ಗೆದ್ದಿದ್ದು ಅವನ ರಾಜ. ಕುದುರೆ ಅವನದು.”

“ನಿಮ್ಗೆ ಹಟ ಸ್ವಲ್ಪ ಜಾಸ್ತೀನೇ.”

“ಹೌದು. ಕುದುರೆ ಇಲ್ದೆ ಹಾಕೋದಾದ್ರೆ ಲೇಖನಾನೇ ತೆಗೆದುಬಿಡು. ಆ ಪೇಜಲ್ಲಿ ದೀಪಾವಳಿ ಫೋಟೋ ಹಾಕ್ಕೋ, ನಾನೇನೂ ಬೇಜಾರು ಮಾಡ್ಕೊಳಲ್ಲ.”



“ಸರಿ ಬಿಡಿ. ‘ವೀರ’ ಆದ್ರೂ ಇರ್ಲಾ?”

“ಬೇಡ.”

“ಅಂದ ಹಾಗೆ, ಕೆಮ್ಮು ವಾಸಿ ಆಯ್ತಾ ಅದಕ್ಕೆ?”

“ನೀನು ಹೊಡೆದು ಹಾಕಿದ ಸಾಲಲ್ಲೇ ಇದೆ. ಕಾರು ನಿಲ್ಸಿದ ಮೇಲೆ ಓದು.”

ಮಧ್ಯಾಹ್ನ ಊಟಕ್ಕೆ ಮೊದಲೇ ಎರಡು ಯುದ್ಧಗಳನ್ನೂ ಕಿತ್ತು ಹಾಕಿ ಕುದುರೆಯನ್ನು ವಾಪಸು ತಂದೆ. ಆಮೇಲೂ ಎರಡು ಸಾಲಿನಷ್ಟು ಜಾಗ ಉಳಿದಿತ್ತು. ಕುದುರೆಯ ಬಣ್ಣ ಸೇರಿಸಿ ಕಳಿಸಿದೆ.