ಪ್ರಯಾಣದವರ ಸಾಲಿನಲ್ಲಿದ್ದ ಟೆಡ್

ಬಂಗುಡೆ ಮೀನಿಗೆ ಮಸಾಲೆ ಹಚ್ಚುತ್ತಿದ್ದಾಗ ಬ್ರಿಸ್ಬೇನ್‌ನಿಂದ ಡೊರೊತಿ ಆಂಟಿಯ ಫೋನು ಬಂತು. ಮೊಣಕೈಯಿಂದಲೇ ಸ್ಪೀಕರ್ ಒತ್ತಿದೆ.

"ಲೀನಾ, ಟೆಡ್ ಸಿಕ್ಕಿದ," ಅಂದರು.

ಟೆಡ್ ಆಂಟಿಯ ಅಣ್ಣ. ಕೆನಡಾದ ಹುಡುಗ, ಎರಡನೇ ಮಹಾಯುದ್ಧದಲ್ಲಿ ಬಾಂಬು ಹೊತ್ತ ಫೈಟರ್ ವಿಮಾನದ ಪೈಲಟ್. ಇಪ್ಪತ್ತೊಂದರ ವಯಸ್ಸಿನಲ್ಲಿ ಹಾಲೆಂಡಿನ ಕಡೆ ಹಾರಿದವನು ಹಿಂದಿರುಗಲಿಲ್ಲ. ನಾನು ಹುಟ್ಟುವುದಕ್ಕೆ ಎಷ್ಟೋ ಮುಂಚಿನ ಮಾತು. ಆದರೂ ಅವನು ನನಗೆ ಮನೆಯ ಹುಡುಗನಷ್ಟೇ ಗುರುತು. ನಾವು ಕುವೈತಿನಿಂದ ಬಂದು ಅಡಿಲೇಡಿನ ಕಿಲ್ಬರ್ನ್‌ನಲ್ಲಿ ಬಾಡಿಗೆಗಿದ್ದಾಗ ಪಕ್ಕದ ಮನೆ ಆಂಟಿಯದು. ಅವರ ಫ್ರಿಜ್ಜಿನ ಬಾಗಿಲಿನಲ್ಲಿ ಅವನ ಫೋಟೊ. ಓರೆ ಟೋಪಿ, ಒಂದು ಕಿವಿ ಮಾತ್ರ ಹೊರಕ್ಕೆ ಚಾಚಿಕೊಂಡಿತ್ತು.

ಏಣಿ ಹತ್ತಲು ಹೆದರುತ್ತಿದ್ದನಂತೆ. ರಜೆಗೆ ಬಂದಾಗ ಚಾವಣಿಯ ಹಿಮ ತೆಗೆಯಲು ಅಪ್ಪ ಕರೆದರೆ, "ಏಣಿ ಅಲ್ಲಾಡುತ್ತೆ. ವಿಮಾನ ನನ್ನ ಮಾತು ಕೇಳುತ್ತೆ," ಎಂದನಂತೆ. ಹೊರಡುವ ದಿನ ಹತ್ತು ವರ್ಷದ ತಂಗಿಗೆ ಎಚ್ಚರಿಕೆ: "ನನ್ನ ಸ್ಕೇಟು ಹಾಕ್ಕೊಂಡ್ರೆ ನೋಡು, ಬಂದು ಕಿವಿ ಹಿಂಡ್ತೀನಿ!"

ಆಂಟಿ ಹಾಕಿಕೊಳ್ಳಲಿಲ್ಲ. ಮದುವೆಯಾಗಿ ಆಸ್ಟ್ರೇಲಿಯಾಕ್ಕೆ ಬರುವಾಗ ಟವೆಲಿನಲ್ಲಿ ಸುತ್ತಿ ತಂದರು. ನಲವತ್ತು ಡಿಗ್ರಿ ಬಿಸಿಲಿನ ದಿನವೂ, ಐಸಿನ ಮೇಲೆ ಜಾರುವ ಆ ಸ್ಕೇಟಿನ ಅಲಗಿಗೆ ಎಣ್ಣೆ ಸವರುತ್ತ ಕೂತಿದ್ದನ್ನು ನೋಡಿದ್ದೇನೆ. "ತುಕ್ಕು ಹಿಡಿದ್ರೆ ಬೈತಾನೆ, ಲವ್," ಎಂದು ಆ ಊರಿನವರಂತೆ ಪ್ರೀತಿಯಿಂದ ಹೇಳುತ್ತಿದ್ದರು.

ಆಂಟಿಯೂ ನಮ್ಮಂತೆ ಕಥೋಲಿಕರು. ಸಂಜೆ ನಮ್ಮ ಮನೆಯ ಜಪಸರದ ಪ್ರಾರ್ಥನೆಗೆ ಬರುತ್ತಿದ್ದರು. ಕೊನೆಯಲ್ಲಿ ನಾವು ಪ್ರಯಾಣದಲ್ಲಿರುವವರ ಹೆಸರು ಹೇಳಿ ಬೇಡುತ್ತೇವೆ, ಆಮೇಲೆ ಸತ್ತವರ ಹೆಸರು. ಮೊದಲ ಸಂಜೆ ನಾನು ಟೆಡ್‌ನನ್ನು ಸತ್ತವರಲ್ಲಿ ಹೇಳಿದ್ದೇ ತಡ, ಆಂಟಿ ನನ್ನ ಕೈ ಹಿಡಿದುಬಿಟ್ಟರು.

"ಹೆಣ ನೋಡಿದವರು ಯಾರು? ಅಮ್ಮ ಅವನ ಆತ್ಮಕ್ಕೆ ಅಂತ ಚರ್ಚಿನಲ್ಲಿ ಒಂದು ಪೂಜೆ ಕೂಡ ಮಾಡಿಸಲಿಲ್ಲ. ಮಾಡಿಸಿದ್ರೆ ನಾವೇ ಕೊಂದ ಹಾಗೆ ಅಂತಿದ್ಲು. ಅವನನ್ನ ಪ್ರಯಾಣದವರಲ್ಲಿ ಸೇರಿಸು."

ಸೇರಿಸಿದೆ. "ಇಷ್ಟು ವರ್ಷದ ಪ್ರಯಾಣವಾ? ಯಾವ ಏರ್‌ಲೈನ್ ಮಾರಾಯ್ತಿ?" ಎಂದು ನನ್ನ ಗಂಡ ವಿಲ್ಫ್ರೆಡ್ ಕನ್ನಡದಲ್ಲಿ ನಕ್ಕರು. ಮುದುಕಿಗೆ ಸಮಾಧಾನವಾದರೆ ದೇವರಿಗೇನು ನಷ್ಟ ಅಂದುಕೊಂಡೆ. ಆಂಟಿ ಬ್ರಿಸ್ಬೇನ್‌ಗೆ ಮಗಳ ಮನೆಗೆ ಹೋದರು, ನಾವು ಪರ್ತ್‌ನ ಸದರ್ನ್ ರಿವರ್‌ಗೆ ಬಂದೆವು. ಅವನ ಹೆಸರು ಮಾತ್ರ ಆ ಸಾಲು ಬಿಟ್ಟು ಕದಲಲಿಲ್ಲ.

ಈಗ ಹಾಲೆಂಡಿನಲ್ಲಿ ಯಾರದೋ ಹೊಲದಲ್ಲಿ ಕಾಲುವೆ ತೋಡುವಾಗ ಕೆಸರಿನಡಿ ವಿಮಾನ ಸಿಕ್ಕಿದೆಯಂತೆ. ಅವನು ಸೀಟಿನಲ್ಲೇ ಇದ್ದನಂತೆ.

"ಬೆಂಕಿ ಹತ್ತಿರಲಿಲ್ವಂತೆ," ಅಂದರು ಆಂಟಿ.

"ಅದೊಂದು ದೇವರ ಕರುಣೆ, ಆಂಟಿ."

"ಹಾಗಾದ್ರೆ ಆವತ್ತೇ ಸತ್ತಿದ್ದ, ಲೀನಾ. ಆವತ್ತಿನಿಂದ ಅವನ ಆತ್ಮಕ್ಕೆ ಯಾರೂ ಬೇಡಲೇ ಇಲ್ಲ. ಅಮ್ಮ ಬೇಡಲಿಲ್ಲ, ನಾನು ಬೇಡಲಿಲ್ಲ. ನಿನ್ನನ್ನೂ ತಡೆದೆ. ಎಲ್ಲಿ ಕಾಯ್ತಾ ಇದ್ದಾನೋ!"

ಸತ್ತವರು ದೇವರನ್ನು ಸೇರಲು ಉಳಿದವರ ಪ್ರಾರ್ಥನೆಯೇ ಆಸರೆ ಎಂದು ನಂಬಿದವಳು ನಾನು. ಇಷ್ಟು ವರ್ಷಗಳಲ್ಲಿ ಮನಸ್ಸಿನಲ್ಲಾದರೂ ಅವನಿಗೊಂದು ನಮೋ ಮರಿಯಾ ಪ್ರಾರ್ಥನೆ ಹೇಳಬಹುದಿತ್ತು. ಹೇಳಲಿಲ್ಲ.

"ನಾಳೆಯೇ ಫಾದರಿಗೆ ಹೇಳಿ ಪೂಜೆ ಮಾಡಿಸ್ತೀನಿ," ಎಂದೆ.

"ಇನ್ನೂ ನಾಳೆ ತನಕ ಕಾಯ್ಬೇಕು ಅವನು," ಅಂದರು ಆಂಟಿ. ಫೋನು ಇಟ್ಟರು.

ಕೈಯ ಮಸಾಲೆ ಒಣಗಿ ಬಿರಿದಿತ್ತು. ತೊಳೆದುಕೊಂಡು, ಉಳಿದ ಮೂರು ಬಂಗುಡೆಗೆ ಹಚ್ಚಿದೆ.